ಆಮ್ಲಜನಕವೆಂಬ ಮಾತಿನ ಹಿಂದೆ

ಕನ್ನಡ ಶಾಲೆಯಲ್ಲಿ ಓದಿದವರಿಗೆಲ್ಲ ಆಮ್ಲಜನಕವೆಂಬ ಮಾತು ಪರಿಚಿತ. ನಾವು ಉಸಿರಾಡುವ ವಾಯುವಿಗೆ ‘ಹುಳಿಯನ್ನು ಹುಟ್ಟಿಸುವುದು’ ಎಂಬರ್ಥದ ಹೆಸರೇಕೆ ಬಂತೆಂದು ಕೇಳಿದವರು ವಿರಳ. ಫ್ರಾನ್ಸಿನ ಲವಾಸಿಯೇ, ಆಮ್ಲಗಳೆಲ್ಲದರಲ್ಲಿಯೂ ಈ ವಾಯು ಇದ್ದೇ ಇರುತ್ತದೆಂದು ನಂಬಿ, ಎರಡು ಗ್ರೀಕ್ ಮಾತುಗಳನ್ನು ಕೂಡಿಸಿ ಅದಕ್ಕೆ ಆಕ್ಸಿಜನ್ ಎಂದು ಹೆಸರಿಟ್ಟನು. 1810ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ, ಉಪ್ಪಿನಿಂದ ತೆಗೆಯುವ ಆಮ್ಲದಲ್ಲಿ ಆ ವಾಯುವಿನ ಲೇಶವೂ ಇಲ್ಲವೆಂದು ತೋರಿಸಿದನು. ಊಹೆ ಬಿದ್ದುಹೋಯಿತು, ಹೆಸರು ಉಳಿಯಿತು. ನಮ್ಮವರು ಆ ಗ್ರೀಕನ್ನು ಸಂಸ್ಕೃತಕ್ಕೆ ತಿರುಗಿಸಿಕೊಂಡಾಗ ತಪ್ಪೂ ನಿಷ್ಠೆಯಿಂದಲೇ ಕನ್ನಡಕ್ಕೆ ಬಂದಿತು. ಜರ್ಮನರೂ ಹೀಗೆಯೇ ಮಾಡಿದ್ದಾರೆ. ಈ ವಿಷಯದಲ್ಲಿ ನಾವು ಒಂಟಿಯಲ್ಲ.

ಅದೇ ಪಾಠದಲ್ಲಿ ಬರುವ ಇಂಗಾಲದ ಕಥೆ ಬೇರೆ. ಸಂಸ್ಕೃತದ ಅಂಗಾರ ಪ್ರಾಕೃತದ ದಾರಿ ಹಿಡಿದು ನಮ್ಮಲ್ಲಿ ಇಂಗಳವಾಗಿ, ಒಲೆಯ ಕೆಂಡವನ್ನು ಹೆಸರಿಸುತ್ತಿತ್ತು. ಅದರ ಬಳಗದ ಮಾತೇ ರಸಾಯನಶಾಸ್ತ್ರಕ್ಕೆ ಒದಗಿತು. ರಂಜಕ ಬಂದೂಕಿನ ಕಿವಿಗೆ ಹಾಕುವ ಮದ್ದು. ಗುರುತ್ವವಾದರೋ ವೈಶೇಷಿಕರು ವಸ್ತುವಿನ ಪತನಕ್ಕೆ ಕಾರಣವೆಂದು ಹೇಳಿದ ಗುಣ. ಅಡಿಗೆಮನೆ, ರಣರಂಗ, ದರ್ಶನಶಾಸ್ತ್ರ, ಎಲ್ಲೆಲ್ಲಿಂದಲೋ ಬಂದ ಮಾತುಗಳು ಒಂದೇ ಪಠ್ಯಪುಸ್ತಕದಲ್ಲಿ ನೆರೆಹೊರೆಯವರಾಗಿವೆ.

ಇವುಗಳನ್ನು ಹೀಗೆ ನೆರೆಯಲ್ಲಿ ಕೂರಿಸುವ ಕೆಲಸಕ್ಕೆ ತೊಡಗಿದವರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರನ್ನು ಮೊದಲು ನೆನೆಯಬೇಕು. ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರು. 1918ರಲ್ಲಿ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ಆರಂಭಿಸಿದರು. ಅದು ನಡೆದದ್ದು ಎರಡೇ ವರ್ಷ. ಆದರೆ ಶಾಸ್ತ್ರವನ್ನು ಕನ್ನಡದಲ್ಲಿ ಹೇಳಲಾಗದೆಂಬ ಮಾತಿಗೆ ಆ ಎರಡು ವರ್ಷದ ಸಂಚಿಕೆಗಳೇ ಉತ್ತರವಾಗಿ ನಿಂತವು. ಅದೇ ವೆಂಕಟನಾರಣಪ್ಪನವರು 1931ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹೊರತಂದ ಪಂಪಭಾರತದ ಸಂಪಾದಕರೂ ಆದರು. ಹಗಲು ಪ್ರಯೋಗಶಾಲೆ, ಇರುಳು ತಾಳೆಗರಿ ಎಂಬುದನ್ನು ಎರಡು ಬಾಳೆಂದು ಕೆಲವರು ಬಗೆಯುತ್ತಾರೆ. ನನಗೆ ಹಾಗೆ ತೋರುವುದಿಲ್ಲ. ಹಳಗನ್ನಡದ ಉಗ್ರಾಣವನ್ನು ಬಲ್ಲವರಿಗೇ ಹೊಸ ಶಾಸ್ತ್ರಕ್ಕೆ ಮಾತನ್ನು ಎಲ್ಲಿಂದ ತರಬಹುದು, ಎಲ್ಲಿಂದ ತರಬಾರದು ಎಂಬ ಅಂದಾಜು ಸಿಕ್ಕುವುದು. ಅವರ ‘ಜೀವವಿಜ್ಞಾನ’ವನ್ನು ಓದಿದವರಿಗೆ ಇದು ತಿಳಿದೀತು.

ಆದರೂ ಮಾತುಗಳ ಮೇಲಣ ಜಗಳವೇ ದೊಡ್ಡದಾಗಿ ವಾಕ್ಯವನ್ನು ಮರೆತುಬಿಟ್ಟ ಕಾಲವೂ ಉಂಟು. ಪತ್ರಹರಿತ್ತು ಎಂದರೆ ಎಲೆಯ ಹಸಿರೆಂದು ಮಗು ಅರ್ಧವನ್ನಾದರೂ ಊಹಿಸೀತು. ದ್ಯುತಿಸಂಶ್ಲೇಷಣೆಯೆಂದರೆ ಉಪಾಧ್ಯಾಯರೇ ಉಸಿರು ಬಿಗಿಹಿಡಿಯಬೇಕು. ಹಾಗೆಂದು ಕಠಿನಪದವೇ ಪುಸ್ತಕವನ್ನು ಕೊಲ್ಲುವುದಿಲ್ಲ. ಶಿವರಾಮ ಕಾರಂತರು 1936ರಲ್ಲಿ ‘ಬಾಲಪ್ರಪಂಚ’ದ ಮೂರು ಸಂಪುಟಗಳನ್ನು, 1959ರಿಂದ ಮುಂದೆ ‘ವಿಜ್ಞಾನ ಪ್ರಪಂಚ’ದ ನಾಲ್ಕು ಸಂಪುಟಗಳನ್ನು ಹೊರತಂದರು. ವಿಶ್ವವಿದ್ಯಾನಿಲಯವೊಂದು ಹೊರಬೇಕಾದ ಹೊರೆಯನ್ನು ಒಬ್ಬ ಲೇಖಕ ಹೊತ್ತುದು ಅವರಿಗೆ ಹೆಮ್ಮೆ, ನಮ್ಮ ಸಂಸ್ಥೆಗಳಿಗೆ ನಾಚಿಕೆ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆಯಿತು. ಗಿಡಮರಗಳ ಶಾಸ್ತ್ರವನ್ನು ಜನ ನಗುನಗುತ್ತ ಓದಿದರೆ ಅದಕ್ಕೆ ಕಾರಣ ಪದಕೋಶವಲ್ಲ, ಕಥೆ ಹೇಳಬಲ್ಲ ವಾಕ್ಯ.

ಕುವೆಂಪು ಅವರು 1956ರಿಂದ 1960ರವರೆಗೆ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ ಕಾಲೇಜಿನ ಪಾಠವೂ ಕನ್ನಡದಲ್ಲಿ ನಡೆಯಲೆಂದು ಹಟ ಹಿಡಿದರು. ಅನಂತರ ಜೆ.ಆರ್. ಲಕ್ಷ್ಮಣರಾಯರಂಥವರು ಪುಸ್ತಕ, ಪತ್ರಿಕೆಗಳ ಮೂಲಕ ಆ ದಾರಿಯನ್ನು ಸವೆಸಿದರು. 1978ರಲ್ಲಿ ‘ಬಾಲವಿಜ್ಞಾನ’ ಮಕ್ಕಳ ಕೈಗೆ ಬಂದಿತು. ಇಷ್ಟಾದರೂ ಹತ್ತನೆಯ ತರಗತಿಯ ಹೊಸ್ತಿಲಲ್ಲಿ ದಾರಿ ಥಟ್ಟನೆ ತಿರುಗುತ್ತದೆ. ಅಲ್ಲಿಯವರೆಗೆ ಆಮ್ಲಜನಕ, ಇಂಗಾಲವೆಂದು ಬರೆದು ಅಂಕ ಗಳಿಸಿದ ಹಳ್ಳಿಯ ಹುಡುಗಿ ವಿಜ್ಞಾನವನ್ನೇ ಆರಿಸಿಕೊಂಡರೆ, ಮುಂದಿನ ವರ್ಷದ ಪಾಠ ಇಂಗ್ಲಿಷಿನದು. ಅವಳು ಮರೆಯಬೇಕಾದದ್ದು ಪದಗಳನ್ನಷ್ಟೇ ಅಲ್ಲ, ಆ ಪದಗಳನ್ನು ಹಿಡಿದು ತಾನೇ ಕಟ್ಟಿಕೊಂಡಿದ್ದ ತರ್ಕವನ್ನೂ. ಅವಳು ಕೈಗೆತ್ತಿಕೊಳ್ಳಬಹುದಾದ ಕನ್ನಡ ಪುಸ್ತಕಗಳು ಗ್ರಂಥಾಲಯದ ಬೀರುವಿನಲ್ಲಿ ಇವೆ. ಪರೀಕ್ಷೆಗೆ ಅವು ಬೇಕಾಗಿಲ್ಲ.