ಇಟ್ಟಿಗೆ ಒಡೆದು ಪದ ಕಟ್ಟಿದವರು

ಅಮೆರಿಕದ ಮಿಷನರಿ ಫ್ರಾಂಕ್ ಲಾಬಾಕ್ 1930ರಲ್ಲಿ ಫಿಲಿಪೀನ್ಸ್‌ನ ಮರನಾವೊ ಜನರಿಗೆ ಓದು ಕಲಿಸಲು ಮೂರು ಪದಗಳನ್ನು ಆರಿಸಿಕೊಂಡರು: ಮಲಬಂಗ, ಕರೊಮಾಟ, ಪಗನದುನ್. ಆ ಭಾಷೆಯ ಮುಖ್ಯ ವ್ಯಂಜನಗಳು ಈ ಮೂರರಲ್ಲೇ ಅಡಗಿದ್ದವು. ಇವನ್ನು ಒಡೆದು, ಸ್ವರ ಬದಲಿಸಿ, ಮತ್ತೆ ಜೋಡಿಸಿದರೆ ಬೇರೆ ಎಷ್ಟೋ ಪದ ಓದಲು ಬರುತ್ತಿತ್ತು. ವಯಸ್ಕರ ಶಿಕ್ಷಣದ ಚರಿತ್ರೆ ಇದನ್ನು ಬೋಧನಾ ಕ್ರಮವೆಂದು ದಾಖಲಿಸುತ್ತದೆ. ನನಗೆ ಮಾತ್ರ ಇದು ಅಪ್ಪಟ ಪದದಾಟ.

ಆಟ ಎಂದೇ ಹೆಸರು ಪಡೆದವು ಹುಟ್ಟಿದ್ದು ಬೇರೆ ಕಡೆ. ಆರ್ಥರ್ ವಿನ್ ಎಂಬ ಪತ್ರಕರ್ತರ ಮೊದಲ ಪದಬಂಧ 1913ರ ಡಿಸೆಂಬರ್ 21ರಂದು 'ನ್ಯೂಯಾರ್ಕ್ ವರ್ಲ್ಡ್' ಪತ್ರಿಕೆಯಲ್ಲಿ ಬಂತು; ಓದುಗರ ರಂಜನೆ ಬಿಟ್ಟರೆ ಅದಕ್ಕೆ ಬೇರೆ ಗುರಿ ಇರಲಿಲ್ಲ. ವಾಸ್ತುಶಿಲ್ಪಿ ಆಲ್ಫ್ರೆಡ್ ಬಟ್ಸ್ 1930ರ ದಶಕದಲ್ಲಿ ಪತ್ರಿಕೆಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬರುತ್ತದೆಂದು ಎಣಿಸಿ ರೂಪಿಸಿದ ಆಟ ಮುಂದೆ ಸ್ಕ್ರ್ಯಾಬಲ್ ಆಯಿತು. 1968ರಲ್ಲಿ ಒಕ್ಲಹೋಮಾದ ನಾರ್ಮನ್ ಗಿಬಾಟ್ ಅಕ್ಷರಗಳ ಚೌಕದಲ್ಲಿ ಪದ ಹುಡುಕುವ ಒಗಟನ್ನು ಸ್ಥಳೀಯ ಜಾಹೀರಾತು ಪತ್ರಿಕೆಯೊಂದರಲ್ಲಿ ಅಚ್ಚು ಹಾಕಿದಾಗ, ಊರಿನ ಶಿಕ್ಷಕರು ಹೆಚ್ಚಿನ ಪ್ರತಿ ಕೇಳಿದರು. ತರಗತಿಗೆ ಬಲು ಸುಲಭವಾಗಿ ನುಗ್ಗಿದ್ದು ಈ ಕೊನೆಯದೇ. ಕಲಿಕೆಗೆ ತೀರಾ ಕಡಿಮೆ ಉಪಯೋಗದ್ದೂ ಅದೇ ಎಂಬುದು ನನ್ನ ಅನಿಸಿಕೆ. ಅರ್ಥ ಗೊತ್ತಿಲ್ಲದೆಯೂ ಆಕಾರ ನೋಡಿ ಗುರುತು ಹಾಕಬಹುದು. ಹೊತ್ತು ಹೋಗುತ್ತದೆ, ಪದ ಉಳಿಯುವುದಿಲ್ಲ.

ವಯಸ್ಕರ ಶಿಕ್ಷಣದಲ್ಲಿ ನಿಜವಾದ ತಿರುವು ಬ್ರೆಜಿಲ್‌ನ ಆಂಜಿಕೋಸ್‌ನಲ್ಲಿ ಬಂತು. 1963ರಲ್ಲಿ ಶಿಕ್ಷಣ ಚಿಂತಕ ಪಾವ್ಲೊ ಫ್ರೇರೆ ಮತ್ತು ಅವರ ತಂಡ ಅಲ್ಲಿ ಸುಮಾರು 300 ಕೂಲಿಕಾರರಿಗೆ 40 ಗಂಟೆಗಳಲ್ಲಿ ಓದು ಬರಹ ಕಲಿಸುವ ಪ್ರಯೋಗ ನಡೆಸಿತು. ಕಲಿಯುವವರ ಬದುಕಿನಿಂದಲೇ ಪದ ಹೆಕ್ಕುವುದು ಫ್ರೇರೆ ಅವರ ರೀತಿ. ಅವರು ಕೊಡುವ ಪ್ರಸಿದ್ಧ ಉದಾಹರಣೆ 'ತಿಜೋಲೊ', ಅಂದರೆ ಇಟ್ಟಿಗೆ. ಮೊದಲು ಚಿತ್ರ, ಅದರ ಸುತ್ತ ಮಾತುಕತೆ: ಮನೆ ಕಟ್ಟುವವರು ಯಾರು, ಆ ಮನೆಯಲ್ಲಿ ಇರುವವರು ಯಾರು? ಆಮೇಲೆ ಪದ ಮೂರು ಹೋಳಾಗುತ್ತಿತ್ತು. ಒಂದೇ ಫಲಕದಲ್ಲಿ ತ-ತೆ-ತಿ-ತೊ-ತು, ಜ-ಜೆ-ಜಿ-ಜೊ-ಜು, ಲ-ಲೆ-ಲಿ-ಲೊ-ಲು ಎಂಬ ಮೂರು ಸಾಲು. ಇನ್ನು ನೀವೇ ಪದ ಮಾಡಿ ಎಂದರೆ ಕೂಲಿಕಾರರು 'ಲೋಜ' (ಅಂಗಡಿ), 'ಲುತ' (ಹೋರಾಟ) ಎಂದೆಲ್ಲ ಕಟ್ಟತೊಡಗುತ್ತಿದ್ದರು. ಉತ್ತರ ಮೊದಲೇ ತೀರ್ಮಾನವಾಗಿರದ ಒಗಟು ಇದು. ಓದು ಬಂದವರಿಗಷ್ಟೇ ಮತದಾನದ ಹಕ್ಕಿದ್ದ ದೇಶದಲ್ಲಿ ಈ ಆಟ ಆಳುವವರಿಗೆ ರುಚಿಸಲಿಲ್ಲ. 1964ರ ಸೇನಾ ಕ್ರಾಂತಿಯ ನಂತರ ಫ್ರೇರೆ ಜೈಲು ಕಂಡರು, ದೇಶ ಬಿಟ್ಟರು.

ಆ ಫಲಕವನ್ನು ನೋಡಿದ ಯಾವ ಕನ್ನಡಿಗರಿಗೂ ಕಾಗುಣಿತ ನೆನಪಾಗದೆ ಇರದು. ನಾವು ಶತಮಾನಗಳಿಂದ ಬಾಯಿಪಾಠ ಮಾಡಿಸುತ್ತ ಬಂದದ್ದನ್ನು ಫ್ರೇರೆ ಆಟಕ್ಕೆ ಇಳಿಸಿದ್ದರು. ಆದರೆ ನಮ್ಮ 'ಇಟ್ಟಿಗೆ'ಯಿಂದ ಪಾಠ ಶುರು ಮಾಡಿದರೆ ಮೊದಲ ದಿನವೇ ಒತ್ತಕ್ಷರ ಅಡ್ಡ ನಿಲ್ಲುತ್ತದೆ. ರ, ಗ, ಸ, ದ ಎಂದು ಆಕಾರದ ಹೋಲಿಕೆ ಹಿಡಿದು ಹೊರಡುವ ನಮ್ಮ ಪಾಠಗಳ ಜಾಣತನ ಇರುವುದು ಇಲ್ಲಿ. ಈ ನಾಲ್ಕರಲ್ಲೇ ಸರ, ರಸ, ದರ ಸಿಗುತ್ತವೆ. ಬಡಗಿಗೆ ಗರಗಸ ಸಿಗುತ್ತದೆ, ಧಾರವಾಡದ ಕಡೆಯವರಿಗೆ 'ದಗದ'ವೂ (ಕೆಲಸ) ಸಿಗುತ್ತದೆ. ಇವುಗಳನ್ನು ಶಿಕ್ಷಕರು ಹಲಗೆಯ ಮೇಲೆ ಬರೆದುಬಿಟ್ಟರೆ ಪಾಠ. ಕಲಿಯುವವರೇ ಹುಡುಕಿದರೆ ಆಟ.

ಈ ವ್ಯತ್ಯಾಸಕ್ಕೆ ಪ್ರಯೋಗಾಲಯದ ಆಧಾರ 1978ರಲ್ಲಿ ದೊರೆಯಿತು. ಓದಿದ ಪದಕ್ಕಿಂತ, ಸುಳಿವು ಹಿಡಿದು ತಾವೇ ಹೊಳೆಯಿಸಿಕೊಂಡ ಪದ ಚೆನ್ನಾಗಿ ನೆನಪಿರುತ್ತದೆ ಎಂದು ಮನೋವಿಜ್ಞಾನಿಗಳಾದ ಸ್ಲಮೆಕಾ ಮತ್ತು ಗ್ರಾಫ್ ತೋರಿಸಿದರು. ಅದಕ್ಕೂ ಮುಂಚೆ, 1953ರಲ್ಲಿ, ವಿಲ್ಸನ್ ಟೇಲರ್ ಗದ್ಯದಲ್ಲಿ ಇಷ್ಟಿಷ್ಟು ಪದಕ್ಕೊಂದರಂತೆ ಅಳಿಸಿ ಓದುಗರಿಂದ ತುಂಬಿಸುವ ಪರೀಕ್ಷೆ ರೂಪಿಸಿದ್ದರು. ಬರಹ ಎಷ್ಟು ಸುಲಭ ಎಂದು ಅಳೆಯುವುದು ಅವರ ಉದ್ದೇಶವಾಗಿತ್ತು. ಭಾಷಾ ಶಿಕ್ಷಕರು ಅದನ್ನು ಕಲಿಕೆಗೇ ಎತ್ತಿಕೊಂಡರು. ಇಂಗ್ಲಿಷ್ ಕಲಿಸುವವರ ಲೋಕದಲ್ಲಿ 1965ರ ಡಬ್ಲ್ಯು. ಆರ್. ಲೀ ಅವರ ಪುಸ್ತಕ, 1979ರ ಆಂಡ್ರ್ಯೂ ರೈಟ್ ಮತ್ತು ಸಂಗಡಿಗರ ಪುಸ್ತಕ ಆಟಗಳಿಗೆ ಮರ್ಯಾದೆ ತಂದುಕೊಟ್ಟವು. 2021ರ ಆನ್‌ಲೈನ್ ಪದದಾಟ ವರ್ಡಲ್ ವರೆಗಿನ ಉಳಿದ ಕತೆ ಎಲ್ಲರಿಗೂ ಗೊತ್ತಿರುವುದೇ.

ನಮ್ಮಲ್ಲಿ 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು. ಮೂರು ಪುಸ್ತಕ, ಸುಮಾರು 200 ಗಂಟೆಯ ಪಾಠಕ್ರಮ. ಬೀದಿನಾಟಕ, ಹಾಡು ಆ ಆಂದೋಲನದ ಜೀವಾಳವಾಗಿದ್ದವು. ಆದರೆ ಅವು ಜನರನ್ನು ಕಲಿಕೆಯ ಕೇಂದ್ರಕ್ಕೆ ಕರೆತರುವ ಕೆಲಸಕ್ಕೆ ಒದಗಿದಷ್ಟು ಒಳಗೆ ಕೂತು ಅಕ್ಷರ ಜೋಡಿಸುವ ಕೆಲಸಕ್ಕೆ ಒದಗಲಿಲ್ಲ. ಇದು ಆಶ್ಚರ್ಯವೇ. ಓದು ಬಾರದ ನಮ್ಮ ಹಿರಿಯರು ಪದದಾಟದಲ್ಲಿ ಯಾರಿಗೂ ಕಡಿಮೆಯಲ್ಲ. ಗಂಡನ ಹೆಸರನ್ನು ಒಡಪಿನಲ್ಲಿ ಸೇರಿಸಿ ಹೇಳುವ ಉತ್ತರ ಕರ್ನಾಟಕದ ಹೆಣ್ಣುಮಗಳಿಗೆ ಪ್ರಾಸ ಯಾರೂ ಕಲಿಸಬೇಕಿಲ್ಲ. ಅವರಿಗೆ ಗೊತ್ತಿರುವ ಒಗಟುಗಳನ್ನೇ ಪಾಠಕ್ಕೆ ತರಬಹುದಿತ್ತು: ಉತ್ತರ ಕಿವಿಗೆ ಮೊದಲೇ ಗೊತ್ತಿದ್ದರೆ ಕಣ್ಣಿಗೆ ಉಳಿಯುವುದು ಅಕ್ಷರ ಗುರುತಿಸುವ ಕೆಲಸ ಮಾತ್ರ. ಐವತ್ತು ದಾಟಿದವರ ಮುಂದೆ ಆನೆ, ಇಲಿ ಚಿತ್ರ ಹಿಡಿಯುವುದಕ್ಕಿಂತ ಇದು ಗೌರವದ ದಾರಿಯೂ ಹೌದು.

ಪತ್ರಿಕೆಯ ಪದಬಂಧವನ್ನೇ ಹೊಸದಾಗಿ ಓದಲು ಕಲಿತವರ ಕೈಗೆ ಕೊಡಬಹುದೇ? ತೊಡಕಿದೆ. ಇಂಗ್ಲಿಷ್ ಆಟ 26 ಅಕ್ಷರಗಳಲ್ಲಿ ನಡೆಯುತ್ತದೆ. ಕನ್ನಡ ಪದಬಂಧದ ಒಂದೊಂದು ಮನೆಯಲ್ಲಿ ಕೂರುವುದು ಗುಣಿತಾಕ್ಷರ, ಒತ್ತಕ್ಷರ ಸಮೇತ ಇಡೀ ಅಕ್ಷರ. ಗುಣಿತಾಕ್ಷರಗಳೇ ಐನೂರರ ಆಸುಪಾಸು. ಅಡ್ಡ-ಉದ್ದ ಸಂಧಿಸುವ ಪದ ಸಿಗುವುದು ಕಷ್ಟ, ಹಾಗಾಗಿ ರಚಿಸುವವರು ಅಪರೂಪದ ಸಂಸ್ಕೃತ ಪದಗಳ ಮೊರೆ ಹೋಗುತ್ತಾರೆ. ಮೊಬೈಲಿನಲ್ಲಿ ಆಡಿಸಹೊರಟರೆ ಇನ್ನೊಂದು ತೊಡಕು: 'ಸ್ತ್ರೀ' ಎಂಬ ಒಂದು ಮನೆಗೆ ಯೂನಿಕೋಡ್‌ನಲ್ಲಿ ಆರು ಸಂಕೇತ. ಅಕ್ಷರ ಎಲ್ಲಿ ಮುಗಿಯಿತೆಂದು ತಿಳಿಯದ ಆ್ಯಪ್ ಅದನ್ನು ಚೂರುಚೂರು ಮಾಡುತ್ತದೆ.

ಶಾಲಾ ಮಕ್ಕಳ ಕನ್ನಡ ಓದನ್ನು ಅಧ್ಯಯನ ಮಾಡಿದ ಸೊನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಇಷ್ಟೊಂದು ಅಕ್ಷರಗಳು ಕೈವಶವಾಗಲು ಇಂಗ್ಲಿಷಿಗಿಂತ ಹೆಚ್ಚು ವರ್ಷ ಹಿಡಿಯುತ್ತದೆ. ನಾಲ್ಕನೇ ತರಗತಿಯಲ್ಲೂ ಆ ಕಲಿಕೆ ಮುಗಿದಿರುವುದಿಲ್ಲ. ವಯಸ್ಕರಿಗೆ ನಾವು ಕೊಡುವುದು ಕೆಲವೇ ತಿಂಗಳು. ಒತ್ತಕ್ಷರದ ಹೊತ್ತಿಗೆ ತರಗತಿ ಮುಗಿದು ಸ್ವಯಂಸೇವಕರು ಹೊರಟುಹೋಗಿರುತ್ತಾರೆ. ನಾಲ್ಕು ಜನ ಜಗಲಿಯಲ್ಲಿ ಕೂತು ತಾವೇ ಆಡಿಕೊಳ್ಳಬಹುದಾದ ಚೀಟಿಯಾಟ, ಬಿಟ್ಟ ಪದ ತುಂಬುವ ಊರಿನ ಸುದ್ದಿ, ಎರಡು ಮೂರು ಮನೆಗಳ ಸಣ್ಣ ಪದಬಂಧ ಬೇಕಾಗುವುದು ಆ ಹಂತದಲ್ಲಿ.