ಸ್ಪೋರ್ಟ್ಸ್ ಬೈಕ್: ವಿನ್ಯಾಸದ ಸೆಳೆತ, ಕಂತಿನ ಲೆಕ್ಕ

ಹಳ್ಳಿಮೈಸೂರು: ಮೈಸೂರಿನಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳ ಸದ್ದು ಈ ಭಾಗದ ಹಿರಿಯರಿಗೆ ಚಿರಪರಿಚಿತ. ಇಂದಿನ ಯುವಕರ ಕಣ್ಣಿರುವುದು 2008ರಲ್ಲಿ ಬಂದ ಯಮಹಾ ಆರ್15, 2017ರ ಟಿವಿಎಸ್ ಅಪಾಚೆ ಆರ್‌ಆರ್ 310ರಂತಹ ಮಾದರಿಗಳ ಮೇಲೆ. ಮೈತುಂಬ ಹೊದಿಕೆ, ಬಾಗಿ ಹಿಡಿಯುವ ಹ್ಯಾಂಡಲ್, ಎತ್ತರಿಸಿದ ಹಿಂಬದಿ ಸೀಟು ಇವುಗಳ ಲಕ್ಷಣ. ಹಿಂದೆ ಕೂರುವವರ ಸುಖ ಅಷ್ಟಕ್ಕಷ್ಟೇ.

ಕೊಳ್ಳುವವರಲ್ಲಿ ಬಹುತೇಕರಿಗೆ ಸಾಲವೇ ಆಧಾರ. 1 ಲಕ್ಷ ರೂ.ಗೆ ಶೇ 10ರ ‘ಫ್ಲಾಟ್’ ಬಡ್ಡಿಯೆಂದರೆ 3 ವರ್ಷಕ್ಕೆ 30 ಸಾವಿರ ರೂ. ಬಡ್ಡಿ, ಮಾಸಿಕ ಕಂತು ಸುಮಾರು 3,611 ರೂ. ಅಸಲು ಕರಗುತ್ತಿದ್ದರೂ ಬಡ್ಡಿಯನ್ನು ಮೊದಲ ಮೊತ್ತದ ಮೇಲೆಯೇ ಲೆಕ್ಕ ಹಾಕುವುದರಿಂದ ನಿಜವಾದ ದರ ಶೇ 18ರ ಸಮೀಪವಿರುತ್ತದೆ. ಹೊಗೆಸೊಪ್ಪು ಬೆಳೆಗಾರನಿಗೆ ಹಣ ಸಿಗುವುದು ರಾಮನಾಥಪುರದ ಹರಾಜು ಆರಂಭವಾದ ಮೇಲೆ. ಕಂತು ಮಾತ್ರ ತಿಂಗಳು ತಪ್ಪದು.

ಕಂತು ಕಟ್ಟದಿದ್ದರೆ ವಾಹನ ಜಪ್ತಿಯಾಗಬಹುದು. ಅದನ್ನು ಮಾರಿದ ಹಣ ಸಾಲಕ್ಕೆ ಸಾಲದಿದ್ದರೆ ಉಳಿಕೆಗೆ ಸಾಲಗಾರನೇ ಹೊಣೆ, ಜಾಮೀನುದಾರನಿಗೂ ಬಿಡುಗಡೆಯಿಲ್ಲ. ಆದರೆ ಗೂಂಡಾಗಳನ್ನು ಬಿಟ್ಟು ವಾಹನ ಕಸಿಯುವ ಪರಿಪಾಠವನ್ನು ಸುಪ್ರೀಂ ಕೋರ್ಟ್ 2007ರಲ್ಲೇ ಖಂಡಿಸಿದೆ.

ಸಾಲ ತೀರಿದ ಕೂಡಲೇ ಸಾಲ ನೀಡಿದವರಿಂದ ನಿರಾಕ್ಷೇಪಣಾ ಪತ್ರ ಹಾಗೂ ಸಹಿ ಮಾಡಿದ ನಮೂನೆ 35ನ್ನು ಪಡೆದು, ಆರ್‌ಸಿಯಲ್ಲಿರುವ ಸಾಲದ ನಮೂದನ್ನು ಸಾರಿಗೆ ಕಚೇರಿಯಲ್ಲಿ ತೆಗೆಸಬೇಕು. ಇಲ್ಲವಾದರೆ ಬೈಕ್ ಮಾರುವಾಗ ತೊಡಕಾಗುತ್ತದೆ.