ಕೆರೆ ನೀರು, ಯೂರಿಯಾ ಮತ್ತು ನಮ್ಮ ಸೊಪ್ಪಿನ ಮಡಿ

ಇವತ್ತು ಸ್ವಲ್ಪ ಹಳೇ ಕಥೆ ಬರೀತೀನಿ, ಅಳ್ವಿ, ಕೊತ್ತಂಬರಿ, ದಂಟು ಹಾಕೋರು ಪೂರ್ತಿ ಓದಿ.

ವಿಮಾನಪುರ ಅನ್ನೋ ಹೆಸರು ಈಚೆಗಿನದು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆ ಸೇರಿ ವಿಮಾನ ಕಾರ್ಖಾನೆ ಶುರು ಮಾಡಿದ ಮೇಲೆ ಬಂದಿದ್ದು. ಪಕ್ಕದ ವಿಭೂತಿಪುರ ಹಾಗಲ್ಲ. ಅಲ್ಲಿನ 1307ರ ಹೊಯ್ಸಳರ ಕಾಲದ ತಮಿಳು ಶಾಸನದಲ್ಲಿ ಕಾಡು ಕಡಿದು, ನೆಲ ಸಮ ಮಾಡಿ, ಕೆರೆ ಕಟ್ಟಿ ಊರು ಮಾಡಿದ್ದು ಹೇಳಿದೆ. ನೀರಿನ ಏರ್ಪಾಡು ಇಲ್ಲದೆ ಊರಿಲ್ಲ ಅಂತ ಅವರಿಗೆ ಗೊತ್ತಿತ್ತು.

ಆಗ ಗೊಬ್ಬರ ಅಂದ್ರೆ ಕೆರೆ ಗೋಡು, ಕೊಟ್ಟಿಗೆ ಗೊಬ್ಬರ, ಹೊಂಗೆ ಸೊಪ್ಪು. ಸಾರಜನಕ ನಿಧಾನವಾಗಿ ಬಿಡೋದು, ಗಿಡ ನಿಧಾನವಾಗಿ ತಗೊಳ್ಳೋದು.

ವಿಮಾನ ಕಾರ್ಖಾನೆ ಬಂದ ಕಾಲದಲ್ಲೇ, 1940ರ ದಶಕದ ಆರಂಭದಲ್ಲಿ, ಮೈಸೂರು ಹತ್ತಿರದ ಬೆಳಗೊಳದಲ್ಲಿ ಅಮೋನಿಯಂ ಸಲ್ಫೇಟ್ ತಯಾರಾಗೋಕೆ ಶುರುವಾಯ್ತು. 1976ರಲ್ಲಿ ಮಂಗಳೂರಿನ ಕಾರ್ಖಾನೆ ನಡೆಯೋಕೆ ಶುರುವಾಗಿ ಯೂರಿಯಾನೂ ನಮ್ಮ ರಾಜ್ಯದಲ್ಲೇ ಸಿಕ್ತು. ಮಡಿಗೆ ಎರಚಿದ ನಾಲ್ಕೇ ದಿನಕ್ಕೆ ಸೊಪ್ಪು ಕಪ್ಪು ಹಸಿರು. ಯಾರು ಬೇಡ ಅಂತಾರೆ?

ಅದಕ್ಕೆ ಎರಡು ವರ್ಷ ಮುಂಚೆ, 1974ರಲ್ಲಿ, ಬೆಂಗಳೂರಿಗೆ ಕಾವೇರಿ ಬಂದಿತ್ತು. ನಲ್ಲಿಗೆ ಬಂದ ನೀರು ಚರಂಡಿಗೆ ಹೋಯ್ತು, ಚರಂಡಿ ಬೆಳ್ಳಂದೂರು, ವರ್ತೂರು ಕೆರೆಗೆ ಸೇರ್ತು. ಕೆರೆ ಕೆಳಗಿನ ನಮ್ಮಂಥೋರಿಗೆ ಬೇಸಿಗೆಯಲ್ಲೂ ನೀರು ಸಿಕ್ಕಿತು, ಆದರೆ ಅದರ ಜೊತೆ ಸಾರಜನಕವೂ ಬಂತು. 2018ರಿಂದ ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಕೋಲಾರದ ಕೆರೆಗಳಿಗೂ ಹೋಗ್ತಿದೆ. ಅಂದ್ರೆ ಈ ಲೆಕ್ಕ ಅಲ್ಲಿನ ರೈತರಿಗೂ ಬೇಕು.

ಲೆಕ್ಕ ನೋಡಿ. ಒಂದು ಎಕರೆಗೆ ಒಂದು ಇಂಚು ನೀರು ಅಂದ್ರೆ ಸುಮಾರು 1 ಲಕ್ಷ ಲೀಟರ್. ಲೀಟರಿಗೆ 20 ಮಿಲಿಗ್ರಾಂ ಸಾರಜನಕ ಇದ್ರೆ ಒಂದು ಸಲ ಕಟ್ಟಿದಾಗ 2 ಕೆಜಿ ಬೀಳುತ್ತೆ. ಹತ್ತು ಸಲಕ್ಕೆ 20 ಕೆಜಿ. 45 ಕೆಜಿ ಯೂರಿಯಾ ಚೀಲದಲ್ಲಿ ಇರೋದೂ ಹೆಚ್ಚು ಕಮ್ಮಿ ಅಷ್ಟೇ. ಅಂಥ ನೀರು ಕಟ್ಟಿ ಮೇಲೆ ಇನ್ನೊಂದು ಚೀಲ ಹಾಕಿದ್ರೆ ಎರಡು ಚೀಲ ಹಾಕಿದ ಹಾಗೆ.

ಅಳ್ವಿ ಬೇರು ಮೇಲ್ಮಣ್ಣಲ್ಲೇ ಇರುತ್ತೆ, ಸೊಪ್ಪಿಗಾದ್ರೆ ಮೂರು-ನಾಲ್ಕು ವಾರದಲ್ಲಿ ಕೊಯ್ಲು. ಹೆಚ್ಚಾದ ನೈಟ್ರೇಟ್ ಸ್ವಲ್ಪ ಎಲೆಯಲ್ಲಿ ಉಳಿಯುತ್ತೆ, ಮಿಕ್ಕಿದ್ದು ಜೋರಾಗಿ ನೀರು ಕಟ್ಟಿದಾಗ ಬೇರಿನಿಂದ ಕೆಳಗಿಳಿದು ಬೋರ್‌ವೆಲ್ ಸೇರುತ್ತೆ. ಕುಡಿಯೋ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು ಅಂತ ನಿಯಮ ಇದೆ. ಪುಟ್ಟ ಮಕ್ಕಳಿಗೆ ಅದು ಅಪಾಯ. ಬಾಣಂತಿಗೆ ಅಳ್ವಿ ಪಾಯಸ ಕೊಡೋ ನಾಡು ನಮ್ಮದು, ಅದೇ ಮನೆ ಕೂಸಿಗೆ ಕೆಟ್ಟ ನೀರು ಕೊಡೋಕಾಗುತ್ತಾ?

ಹಾಗಾಗಿ ಮಣ್ಣಿನ ಜೊತೆ ನೀರನ್ನೂ ಪರೀಕ್ಷೆ ಮಾಡಿಸಿ. ವರದಿಯಲ್ಲಿ ನೈಟ್ರೇಟ್ 45 ಅಂತಿದ್ರೆ ಅದರಲ್ಲಿ ಸಾರಜನಕ 10 ಅಂತ ಹಿಡೀರಿ, ಅಷ್ಟನ್ನ ಯೂರಿಯಾದಲ್ಲಿ ಕಳೀರಿ. ನೀರು ತೆಳುವಾಗಿ, ಪದೇ ಪದೇ ಕೊಡಿ. ಕೊಳಚೆ ನೀರಾದ್ರೆ ಸೊಪ್ಪಿಗೆ ಬೇಡವೇ ಬೇಡ, ಲೋಹದ ಅಂಶ ಯಾವ ಲೆಕ್ಕದಲ್ಲೂ ಕಳೆಯೋಕಾಗಲ್ಲ.

ನಿಮ್ಮ ಬೋರ್ ವರದಿ ಇದ್ರೆ ಕೆಳಗೆ ಹಾಕಿ, ಕೂತು ಲೆಕ್ಕ ಮಾಡೋಣ.